ಬೋರಲು ಹಾಕಿದ ಮೊಳೆ

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರ್ ಬಗ್ಗೆ ಏನಾದರೂ ಮಾತಾಡಿ ಅಂತ ಧಾರವಾಡ ಆಕಾಶವಾಣಿಯವರು ಕರೆದರು. ಏನಾದರೂ ಅಂದರೆ ಏನು ಅಂತ ಕೇಳಿದೆ. ಎಲ್ಲರಿಗೂ ತಿಳಿಯಬೇಕು, ಹದಿನೈದು ನಿಮಿಷ ಮೀರಬಾರದು ಅಂದರು. ಅದಕ್ಕೆ ಒಂದೇ ಒಂದು ಸಣ್ಣ ವಿಷಯ ಹಿಡಿದು ಬಂದಿದ್ದೇನೆ. ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸುವುದು ಹೇಗೆ? ಅಷ್ಟೇ.

ನೀವು ರೊಟ್ಟಿ ಬಡಿಯುತ್ತಾ ಕೇಳುತ್ತಿರಬಹುದು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಚಿಗರಿ ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳುತ್ತಿರಬಹುದು. ವಿದ್ಯಾನಗರದ ಯಾವುದೋ ಹಾಸ್ಟೆಲಿನಲ್ಲಿ ನಾಳೆಯ ಲ್ಯಾಬ್ ಪರೀಕ್ಷೆಗೆ ಓದುತ್ತಾ ಕೇಳುತ್ತಿರಬಹುದು. ಹಾಸ್ಟೆಲಿನವರಿಗೆ ಒಂದು ಮಾತು: ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಡಿ. ನಾನು ಹೇಳುವುದು ಅದರಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗಿರುತ್ತದೆ.

ಒಂದು ಪೇಢೆ ಅಂಗಡಿ ಅಂದುಕೊಳ್ಳಿ. ಬಿಲ್ಲು ಮಾಡುವುದಕ್ಕೆ ಕಂಪ್ಯೂಟರ್ ಇದೆ. ಗಿರಾಕಿ ಅರ್ಧ ಕಿಲೋ ತಗೊಂಡರೂ ಬಿಲ್ಲಿನಲ್ಲಿ ಒಂದು ಕಿಲೋ ದುಡ್ಡು ಬರುತ್ತಿದೆ. ಪ್ರೋಗ್ರಾಮಿನಲ್ಲಿ ಎಲ್ಲೋ ತಪ್ಪಿದೆ. ಎಲ್ಲಿ? ಕಂಪ್ಯೂಟರ್ ಒಂದು ಸೆಕೆಂಡಿಗೆ ಕೋಟಿಗಟ್ಟಲೆ ಕೆಲಸ ಮಾಡುತ್ತದೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಿಲ್ಲು ಹೊರಗೆ ಬಂದಿರುತ್ತದೆ. ಅದಕ್ಕೆ ಪ್ರೋಗ್ರಾಮ್ ಬರೆದವನು ಇನ್ನೊಂದು ಪ್ರೋಗ್ರಾಮಿನ ಸಹಾಯ ತಗೊಳ್ಳುತ್ತಾನೆ. ಅದರ ಹೆಸರು ಡಿಬಗ್ಗರ್. 'ನಲವತ್ತನೇ ಸಾಲಿಗೆ ಬಂದ ಕೂಡಲೇ ನಿಲ್ಲಿಸು, ತೂಕ ಎಷ್ಟು ಅಂತ ನೋಡಬೇಕು' ಅಂತ ಅದಕ್ಕೆ ಹೇಳುತ್ತಾನೆ. ಆ ನಲವತ್ತನೇ ಸಾಲಿಗೆ ಇಟ್ಟ ಗುರುತೇ ಬ್ರೇಕ್‌ಪಾಯಿಂಟ್.

ಈಗ ನನ್ನ ಪ್ರಶ್ನೆ. ಡಿಬಗ್ಗರ್ ಅದನ್ನು ಹೇಗೆ ನಿಲ್ಲಿಸುತ್ತದೆ?

ಮೂವತ್ತು ವರ್ಷದಿಂದ ಹುಡುಗರಿಗೆ ಈ ಪ್ರಶ್ನೆ ಕೇಳುತ್ತಾ ಬಂದಿದ್ದೇನೆ. ಮೂವತ್ತು ವರ್ಷವೂ ಒಂದೇ ಉತ್ತರ. 'ಸರ್, ಅದು ಪಕ್ಕದಲ್ಲೇ ನಿಂತು ಒಂದೊಂದು ಸಾಲನ್ನೂ ನೋಡುತ್ತಿರುತ್ತದೆ. ನಲವತ್ತು ಬಂದಾಗ ಹಿಡಿಯುತ್ತದೆ.' ಅಲ್ಲ. ಹಾಗೆ ಪ್ರತಿ ಹೆಜ್ಜೆಗೂ ನೋಡುತ್ತಾ ಕೂತರೆ ನಿಮ್ಮ ಪೇಢೆ ಬಿಲ್ಲು ದೀಪಾವಳಿಗೆ ಬರುತ್ತದೆ. ಇನ್ನು ಕೆಲವರು 'ಸರ್, ಕೆಂಪು ಚುಕ್ಕಿ ಒತ್ತಿದರೆ ತಾನೇ ನಿಲ್ಲುತ್ತದೆ' ಅನ್ನುತ್ತಾರೆ. ಅವರಿಗೆ ಏನು ಹೇಳೋಣ.

ಡಿಬಗ್ಗರ್ ಮಾಡುವುದು ಇಷ್ಟು. ನಿಮ್ಮ ಪ್ರೋಗ್ರಾಮಿನಿಂದ ಒಂದು ಬೈಟ್, ಅಂದರೆ ಒಂದು ಸಣ್ಣ ಸಂಖ್ಯೆ, ಕಿತ್ತು ತೆಗೆಯುತ್ತದೆ. ಆ ಜಾಗದಲ್ಲಿ ತನ್ನದೊಂದು ಬೈಟ್ ಇಡುತ್ತದೆ. ತೆಗೆದದ್ದನ್ನು ಬರೆದಿಟ್ಟುಕೊಳ್ಳುತ್ತದೆ. ಇದನ್ನು ನನಗೆ ಕಲಿಸಿದ್ದು ಯಾವ ಕಾಲೇಜೂ ಅಲ್ಲ. ಗದಗಿನಲ್ಲಿ ನಮ್ಮ ಕಾಕಾನ ಛಾಪಖಾನೆ.

ಆಗ ನನಗೆ ಹನ್ನೆರಡು ವರ್ಷ. ಬೇಸಿಗೆ ರಜೆ ಬಂತು ಅಂದರೆ ಗದಗಿಗೆ ಹೋಗುತ್ತಿದ್ದೆ. ಸೀಸದ ಮೊಳೆ ಜೋಡಿಸಿ ಅಚ್ಚು ಮಾಡುವ ಕಾಲ ಅದು. ಗೋಡೆಗೆ ಒರಗಿಸಿದ ಮರದ ಕೇಸುಗಳು. ಒಂದೊಂದು ಖಾನೆಯಲ್ಲಿ ಒಂದೊಂದು ಅಕ್ಷರ. ಕಂಪೋಜಿಟರ್ ಕಣ್ಣೆತ್ತಿಯೂ ನೋಡದೆ ಮೊಳೆ ಎತ್ತಿ ಎತ್ತಿ ಸಾಲು ಕಟ್ಟುತ್ತಿದ್ದರು. ಮೂಲೆಯಲ್ಲಿ ಕಾಲಿನಿಂದ ತುಳಿಯುವ ಟ್ರೆಡಲ್. ಆ ಶಾಯಿ ಮತ್ತು ಸೀಮೆಎಣ್ಣೆಯ ವಾಸನೆ ಈಗ ನೆನಪಾದರೂ ಮೂಗಿಗೆ ಬಡಿಯುತ್ತದೆ.

ವೈಶಾಖ ಅಂದರೆ ಲಗ್ನಪತ್ರಿಕೆಯ ಸುಗ್ಗಿ. ಲಗ್ನಪತ್ರಿಕೆಗೆ ಯಾವ ಮೊಳೆ ಜಾಸ್ತಿ ಬೇಕು ಹೇಳಿ? ಶ್ರೀ. ದೇವರಿಗೆ ಶ್ರೀ, ಅಜ್ಜನಿಗೆ ಶ್ರೀ, ಮಾವನಿಗೆ ಶ್ರೀ, ಆಗಮನ ಬಯಸುವವರಿಗೆಲ್ಲ ಶ್ರೀ. ನಾಲ್ಕು ಪತ್ರಿಕೆ ಒಟ್ಟಿಗೆ ಜೋಡಿಸಿದರೆ ಶ್ರೀ ಖಾನೆ ಬರಿದಾಗುತ್ತಿತ್ತು. ಹಾಗಂತ ಕೆಲಸ ನಿಲ್ಲಿಸಲಾದೀತೇ? ಕಂಪೋಜಿಟರು ಶ್ರೀ ಮೊಳೆಯಷ್ಟೇ ದಪ್ಪದ ಇನ್ನೊಂದು ಮೊಳೆ ಹುಡುಕುತ್ತಿದ್ದರು. ಅದನ್ನು ಬೋರಲು ಹಾಕುತ್ತಿದ್ದರು. ಅಂದರೆ ತಲೆ ಕೆಳಗೆ, ಬುಡ ಮೇಲೆ. ಅಚ್ಚಿನಲ್ಲಿ ಅಕ್ಷರ ಬರುವುದಿಲ್ಲ, ಕರಿ ಗುರುತು ಬೀಳುತ್ತದೆ. ಇಲ್ಲಿ ಏನೋ ಬಾಕಿ ಇದೆ ಅಂತ ಅದರ ಅರ್ಥ. ಒಂದು ಪತ್ರಿಕೆ ಅಚ್ಚಾಗಿ ಅದರ ಮೊಳೆ ಬಿಡಿಸಿದ ಮೇಲೆ, ಶ್ರೀಗಳನ್ನು ತಂದು ಬೋರಲು ಮೊಳೆಯ ಜಾಗಕ್ಕೆ ಹಾಕುವುದು.

ಅಷ್ಟೇ ದಪ್ಪ ಯಾಕೆ? ದಪ್ಪ ಹೆಚ್ಚಾದರೆ ಮುಂದಿನ ಮೊಳೆಗಳೆಲ್ಲ ಸರಿಯುತ್ತವೆ, ಸಾಲು ಕೆಡುತ್ತದೆ. ಈ ಮಾತು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ನನ್ನ ಕೆಲಸ ಒಂದೇ, ವಹಿ ಬರೆಯುವುದು. ಯಾರ ಪತ್ರಿಕೆ, ಎಷ್ಟನೇ ಸಾಲು, ಎಷ್ಟನೇ ಮೊಳೆ, ಅಲ್ಲಿ ಇರಬೇಕಾದ ಅಕ್ಷರ ಯಾವುದು. ಕಾಕಾ ದಿನಾ ಹೇಳುತ್ತಿದ್ದರು, 'ತಮ್ಮಾ, ಮೊಳಿ ಬೋರಲ ಹಾಕೂದು ದೊಡ್ಡ ಮಾತಲ್ಲ. ಎಲ್ಲಿ ಹಾಕೇವಿ ಅಂತ ಬರದಿಡೂದು ದೊಡ್ಡ ಮಾತು.'

ಒಂದು ಸಂಜೆ ನಾಲ್ಕು ಕಡೆ ಬೋರಲು ಮೊಳೆ ಬಿದ್ದವು. ಹೊರಗೆ ಐಸ್‌ಕ್ಯಾಂಡಿಯವನು ಗಂಟೆ ಬಾರಿಸಿದ. ನಾನು ಮೂರು ಬರೆದು ಎದ್ದು ಹೋದೆ. ಬಂದವನಿಗೆ ನಾಲ್ಕನೆಯದು ನೆನಪಿರಲಿಲ್ಲ. ರಾತ್ರಿ ಕರೆಂಟ್ ಇಲ್ಲ. ವಹಿ ನೋಡಿ ಮೂರೂ ಜಾಗಕ್ಕೆ ಶ್ರೀ ತುಂಬಿದೆ. 'ಎಲ್ಲಾ ಆತೇನೋ?' ಅಂದರು ಕಾಕಾ. 'ಆತು ಕಾಕಾ' ಅಂದೆ. ವಹಿಯ ಪ್ರಕಾರ ಸುಳ್ಳೇನಲ್ಲ. ಲಾಟೀನು ಬೆಳಕಿನಲ್ಲಿ ಮುನ್ನೂರು ಪತ್ರಿಕೆ ಅಚ್ಚಾದವು.

ಮರುದಿನ ಬೆಳಿಗ್ಗೆ ಕಟ್ಟು ಬಿಚ್ಚಿ ನೋಡಿದ ಯಜಮಾನರು ಹಾಗೇ ನಿಂತುಬಿಟ್ಟರು. ಹಳದಿ ರುಮಾಲು, ಕೈಯಲ್ಲಿ ಕೊಡೆ. ಆಮೇಲೆ ಮೆಲ್ಲಗೆ ಕೇಳಿದರು, 'ನಮ್ಮಪ್ಪನ ಹೆಸರಿನ ಮುಂದಿನ ಶ್ರೀ ತಗದು ಇದೇನ್ರೀ ಕರಿ ಬೊಟ್ಟು ಇಟ್ಟೀರಿ? ನಮ್ಮನ್ಯಾಗ ಲಗ್ನ ಐತ್ರೀ, ತಿಥಿ ಅಲ್ಲ.'

ಕಾಕಾ ತಮ್ಮ ಖರ್ಚಿನಲ್ಲಿ ಮುನ್ನೂರು ಪತ್ರಿಕೆ ಮತ್ತೆ ಅಚ್ಚು ಮಾಡಿಕೊಟ್ಟರು. ನನಗೆ ಹೊಡೆಯಲಿಲ್ಲ. ಎಂಟು ದಿನ ಮೊಳೆ ಬಿಡಿಸಿ ಖಾನೆಗೆ ಹಾಕುವ ಕೆಲಸ ಕೊಟ್ಟರು. ಹೊಡೆದಿದ್ದರೆ ಬೇಗ ಮುಗಿಯುತ್ತಿತ್ತು.

ಇರಲಿ. ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ವಿಷಯಕ್ಕೆ ಬರುತ್ತೇನೆ.

ಕಂಪ್ಯೂಟರಿನ ಮೆಮೊರಿಯಲ್ಲಿ ನಿಮ್ಮ ಪ್ರೋಗ್ರಾಮ್ ಅಂದರೆ ಸಾಲಾಗಿ ಜೋಡಿಸಿದ ಸಂಖ್ಯೆಗಳು. ಒಂದೊಂದೂ 0ಯಿಂದ 255ರ ಒಳಗೆ. ಅದೇ ಬೈಟ್, ಅದೇ ಮೊಳೆ. ನೀವು ನಲವತ್ತನೇ ಸಾಲು ಅಂತೀರಿ. ನೀವು ಬರೆದ ಸಾಲುಗಳನ್ನು ಈ ಸಂಖ್ಯೆಗಳಾಗಿ ಬದಲಿಸುವ ಪ್ರೋಗ್ರಾಮಿಗೆ ಕಂಪೈಲರು ಅಂತಾರೆ. ಆ ಕೆಲಸ ಮಾಡುವಾಗ ಅದು ಯಾವ ಸಾಲು ಮೆಮೊರಿಯಲ್ಲಿ ಎಲ್ಲಿ ಬರುತ್ತದೆ ಅಂತ ಒಂದು ಪಟ್ಟಿ ಮಾಡಿಟ್ಟಿರುತ್ತದೆ. ಡಿಬಗ್ಗರ್ ಅದನ್ನು ನೋಡಿ ಜಾಗ ಹುಡುಕುತ್ತದೆ. ಅಲ್ಲಿರುವ ಬೈಟನ್ನು ಓದಿ ತನ್ನ ವಹಿಯಲ್ಲಿ ಬರೆದುಕೊಳ್ಳುತ್ತದೆ. ಆಮೇಲೆ ಅಲ್ಲಿ 204 ಅಂತ ಇಡುತ್ತದೆ. ಇದೇ ಬೋರಲು ಮೊಳೆ. ಚಿಪ್ಪು ಅಂದರೆ ಆಜ್ಞೆಗಳನ್ನು ನಡೆಸುವ ಕಂಪ್ಯೂಟರಿನ ಮಿದುಳು. ಇಂಟೆಲ್ ಕುಲದ ಚಿಪ್ಪುಗಳಲ್ಲಿ 1978ರ 8086ರಿಂದ ಇವತ್ತಿನವರೆಗೂ ಅದೇ 204. ಅದರ ಅರ್ಥ ಒಂದೇ: ನಿಲ್ಲು, ಹೇಳಿ ಕಳಿಸು.

ದಪ್ಪದ ಮಾತು ನೆನಪಿದೆ ಅಲ್ವಾ? ಈ ಚಿಪ್ಪುಗಳಲ್ಲಿ ಅತಿ ಸಣ್ಣ ಆಜ್ಞೆ ಒಂದೇ ಬೈಟಿನದು. ಅದಕ್ಕೇ ನಿಲ್ಲಿಸುವ ಆಜ್ಞೆಯನ್ನೂ ಒಂದೇ ಬೈಟಿನಲ್ಲಿ ಮಾಡಿದ್ದಾರೆ. ಎರಡು ಬೈಟ್ ಇದ್ದಿದ್ದರೆ ಪಕ್ಕದ ಆಜ್ಞೆಯ ಕುತ್ತಿಗೆ ಮೇಲೆ ಕೂರುತ್ತಿತ್ತು. ನಿಮ್ಮ ಮೊಬೈಲಿನಲ್ಲಿ ಇರುವ ಆರ್ಮ್ ಚಿಪ್ಪಿನ 64 ಬಿಟ್ ಆಜ್ಞೆಗಳೆಲ್ಲ ನಾಲ್ಕು ಬೈಟಿನವು. ಅಲ್ಲಿ ನಿಲ್ಲಿಸುವ ಆಜ್ಞೆಯೂ ನಾಲ್ಕು ಬೈಟ್. ಅಷ್ಟೇ ದಪ್ಪ!

ಪ್ರೋಗ್ರಾಮ್ ಓಡುತ್ತಾ ಬರುತ್ತದೆ. ಪೂರ್ತಿ ವೇಗದಲ್ಲಿ, ಯಾರ ಕಾವಲೂ ಇಲ್ಲದೆ. 204ಕ್ಕೆ ಎಡವುತ್ತದೆ. ಚಿಪ್ಪು ಕೆಲಸ ನಿಲ್ಲಿಸಿ ಆಪರೇಟಿಂಗ್ ಸಿಸ್ಟಮ್ಮಿಗೆ ತಿಳಿಸುತ್ತದೆ. ಅದು ಪ್ರೋಗ್ರಾಮನ್ನು ಹಿಡಿದು ನಿಲ್ಲಿಸಿ, ಮಲಗಿದ್ದ ಡಿಬಗ್ಗರನ್ನು ಎಬ್ಬಿಸುತ್ತದೆ. ಡಿಬಗ್ಗರ್ ವಹಿ ತೆರೆದು ನೋಡುತ್ತದೆ. ಹೌದು, ಇದು ನಾನೇ ಇಟ್ಟದ್ದು. ಆಗ ನಿಮ್ಮ ಪರದೆ ಮೇಲೆ ನಲವತ್ತನೇ ಸಾಲು ಹೊಳೆಯುತ್ತದೆ. ನೀವು ಆರಾಮಾಗಿ ತೂಕ ಎಷ್ಟು ಅಂತ ನೋಡಬಹುದು.

ನೋಡಿದಿರಿ. ಈಗ ಮುಂದೆ ಹೋಗಬೇಕು. ಇಲ್ಲೇ ಹುಡುಗರು ತಪ್ಪುವುದು. ಚಿಪ್ಪು ಓದುತ್ತಾ ಒಂದು ಬೆರಳು ಇಟ್ಟುಕೊಂಡು ಹೋಗುತ್ತದೆ. ಆ ಬೆರಳು ಈಗ 204 ದಾಟಿ ಒಂದು ಬೈಟ್ ಮುಂದೆ ನಿಂತಿದೆ. ಡಿಬಗ್ಗರ್ ಅದನ್ನು ಒಂದು ಬೈಟ್ ಹಿಂದೆ ಸರಿಸಬೇಕು. ವಹಿ ನೋಡಿ ಹಳೆಯ ಬೈಟನ್ನು ವಾಪಸ್ ಇಡಬೇಕು. ಒಂದೇ ಒಂದು ಆಜ್ಞೆ ನಡೆಸು ಅಂತ ಚಿಪ್ಪಿಗೆ ಹೇಳಬೇಕು. ಆ ಒಂದು ಹೆಜ್ಜೆ ಮುಗಿದ ಕೂಡಲೇ ಅಲ್ಲಿ ಮತ್ತೆ 204 ಇಡಬೇಕು. ಆಮೇಲೆ ಓಡು ಅನ್ನಬೇಕು. ಯಾಕೆ ಮತ್ತೆ ಇಡಬೇಕು? ಮುಂದಿನ ಗಿರಾಕಿಯ ಬಿಲ್ಲು ಬಂದಾಗಲೂ ಅಲ್ಲಿ ನಿಲ್ಲಬೇಕಲ್ಲ! ಕಂಪೋಜಿಟರ್ ಶ್ರೀ ಹಾಕಿದರೆ ಮುಗಿಯಿತು. ಡಿಬಗ್ಗರಿಗೆ ಮುಗಿಯುವುದಿಲ್ಲ. ತೆಗೆ, ಇಡು, ತೆಗೆ, ಇಡು.

ವಹಿಯಲ್ಲಿ ಬರೀ ಹಳೆಯ ಬೈಟ್ ಇರುವುದಿಲ್ಲ. ಬ್ರೇಕ್‌ಪಾಯಿಂಟಿನ ನಂಬರು, ನೀವು ಕೇಳಿದ ಫೈಲು ಮತ್ತು ಸಾಲು, ಮೆಮೊರಿಯ ಜಾಗ, ಎಷ್ಟು ಸಲ ಎಡವಿದೆ ಎಂಬ ಲೆಕ್ಕ, ಈಗ ಚಾಲೂ ಇದೆಯೋ ಇಲ್ಲವೋ ಎಲ್ಲ ಇರುತ್ತದೆ. ಬಂದ್ ಮಾಡಿದರೆ 204 ಹೋಗುತ್ತದೆ, ವಹಿಯ ಸಾಲು ಉಳಿಯುತ್ತದೆ. ಅಳಿಸಿದರೆ ಎರಡೂ ಹೋಗುತ್ತವೆ. ನೀವು ಕೇಳಿದ್ದು ಒಂದೇ ಸಾಲು ಆದರೂ ಕಂಪೈಲರು ಅದನ್ನು ಮೂರು ಕಡೆ ನಕಲು ಮಾಡಿರಬಹುದು. ಆಗ ವಹಿಯಲ್ಲಿ ಒಂದು ನಂಬರಿನ ಕೆಳಗೆ ಮೂರು ಜಾಗ, ಮೂರು ಹಳೆಯ ಬೈಟ್. ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ಬರೆದ ಜಿಡಿಬಿ ಎಂಬ ಡಿಬಗ್ಗರ್ ಈಗಲೂ ಚಾಲ್ತಿಯಲ್ಲಿದೆ. ಅದು ಇಂಥವನ್ನು 1.1, 1.2, 1.3 ಅಂತ ತೋರಿಸುತ್ತದೆ. ಪ್ರೋಗ್ರಾಮ್ ಹೊರಗಿನಿಂದ ತರಿಸಿಕೊಳ್ಳುವ ಸಿದ್ಧ ಕೋಡಿಗೆ ಲೈಬ್ರರಿ ಅಂತಾರೆ. ಇನ್ನೂ ಮೆಮೊರಿಗೆ ಬರದ ಲೈಬ್ರರಿಯಲ್ಲಿ ನಿಲ್ಲಿಸು ಅಂದರೆ, ಬಾಕಿ ಅಂತ ಬರೆದುಕೊಂಡು ಕಾಯುತ್ತದೆ. ಲೈಬ್ರರಿ ಬಂದ ಕೂಡಲೇ ಹೋಗಿ 204 ಇಡುತ್ತದೆ.

ವಹಿ ಕಳೆದರೆ? ಡಿಬಗ್ಗರ್ ನಡುವೆ ಸತ್ತು ಆ 204 ಅಲ್ಲೇ ಉಳಿದರೆ? ಪ್ರೋಗ್ರಾಮ್ ಅದಕ್ಕೆ ಎಡವುತ್ತದೆ, ಕೇಳುವವರು ಯಾರೂ ಇಲ್ಲ, ತಾನೂ ಸಾಯುತ್ತದೆ. ಕರಿ ಬೊಟ್ಟಿನ ಲಗ್ನಪತ್ರಿಕೆ ಮನೆಮನೆಗೆ ಹಂಚಿದ ಹಾಗೆ.

ಇನ್ನೂ ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ. ಓಡುತ್ತಾ ಹೇಳುತ್ತೇನೆ. ಒಂದು, ತೂಕ ಅರ್ಧ ಕಿಲೋ ಇದ್ದಾಗ ಮಾತ್ರ ನಿಲ್ಲು ಅಂತ ಷರತ್ತು ಹಾಕಬಹುದು. ಆದರೆ ಪ್ರೋಗ್ರಾಮ್ ಪ್ರತಿ ಸಲವೂ ನಿಲ್ಲುತ್ತದೆ. ಡಿಬಗ್ಗರ್ ಷರತ್ತು ನೋಡಿ, ಇಲ್ಲ ಅಂದರೆ ಸುಮ್ನೆ ಮುಂದೆ ಬಿಡುತ್ತದೆ, ನಿಮಗೆ ಗೊತ್ತಾಗುವುದಿಲ್ಲ. ಅದಕ್ಕೇ ಷರತ್ತು ಹಾಕಿದರೆ ನಿಧಾನ. ಎರಡು, ಮೊಳೆ ಮುಟ್ಟದೆ ನಿಲ್ಲಿಸುವ ದಾರಿಯೂ ಇದೆ. 1985ರ 80386ರಿಂದ ಚಿಪ್ಪಿನೊಳಗೇ ನಾಲ್ಕು ವಿಳಾಸ ಬರೆದಿಡುವ ಜಾಗವಿದೆ. ಈ ತೂಕವನ್ನು ಯಾರು ಬದಲಿಸಿದರು ಅಂತ ಹಿಡಿಯಲು ಅದು ಬಲು ಚಲೋ. ಆದರೆ ನಾಲ್ಕೇ. ಮೂರು, ಒಂದೇ ಪ್ರೋಗ್ರಾಮಿನಲ್ಲಿ ಹಲವು ಥ್ರೆಡ್, ಅಂದರೆ ಒಂದೇ ಕೋಡನ್ನು ಒಟ್ಟಿಗೆ ನಡೆಸುವ ಹಲವು ಓಟಗಾರರು, ಓಡುವಾಗ, ಒಬ್ಬನಿಗಾಗಿ 204 ಎತ್ತಿದ ಗಳಿಗೆಯಲ್ಲಿ ಇನ್ನೊಬ್ಬ ನಿಲ್ಲದೆ ದಾಟಿಬಿಡಬಹುದು. ಅದಕ್ಕೆ ಆ ಆಜ್ಞೆಯನ್ನು ಬೇರೆ ಕಡೆ ನಕಲು ಮಾಡಿ ಅಲ್ಲಿ ನಡೆಸುವ ಉಪಾಯ ಇದೆ. ನಾಲ್ಕು, ಈ ಹೆಸರು ಎಲ್ಲಿಂದ ಬಂತು. 1940ರ ದಶಕದ ಎನಿಯಾಕ್ ಎಂಬ ಯಂತ್ರದಲ್ಲಿ ಪ್ರೋಗ್ರಾಮ್ ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದ ಕೇಬಲ್. ನಿಲ್ಲಿಸಬೇಕಾದ ಕಡೆ ಕೇಬಲ್ ಕಿತ್ತರೆ ಆಯಿತು. ಆ ಯುಕ್ತಿ ಬೆಟ್ಟಿ ಹೋಲ್ಬರ್ಟನ್ ಎಂಬ ಹೆಣ್ಣುಮಗಳದ್ದು. ಈಕೆಯ ಬಗ್ಗೆಯೇ ಹದಿನೈದು ನಿಮಿಷ ಮಾತಾಡಬೇಕಿತ್ತು.

ಹಾಸ್ಟೆಲಿನವರೇ, ನಿಮಗೊಂದು ಕೆಲಸ. ಬ್ರೇಕ್‌ಪಾಯಿಂಟ್ ಇಟ್ಟು ಆ ಜಾಗದ ಬೈಟ್ ತೋರಿಸು ಅಂತ ಡಿಬಗ್ಗರನ್ನೇ ಕೇಳಿ. 204 ಕಾಣುವುದಿಲ್ಲ. ಅದು ವಹಿ ನೋಡಿ ಹಳೆಯ ಬೈಟನ್ನೇ ತೋರಿಸುತ್ತದೆ. ಹಾಗಾದರೆ ಹೀಗೆ ಮಾಡಿ. ಸಿ ಭಾಷೆಯಲ್ಲಿ ಸಣ್ಣದೊಂದು ಫಂಕ್ಷನ್ ಬರೆಯಿರಿ. ಅದನ್ನು ಕರೆಯುವ ಮೊದಲು, ಅದರ ಮೊದಲ ಬೈಟನ್ನು ಮೇನ್ ಒಳಗಿಂದ ಓದಿ ಪ್ರಿಂಟ್ ಮಾಡಿ. ಸುಮ್ನೆ ಓಡಿಸಿದರೆ 85 ಬರಬಹುದು, 243 ಬರಬಹುದು. ಈಗ ಜಿಡಿಬಿಯಲ್ಲಿ ಮೊದಲು ನಕ್ಷತ್ರದ ಗುರುತು, ಅದಕ್ಕೆ ಅಂಟಿ ಆ ಫಂಕ್ಷನ್ನಿನ ಹೆಸರು ಹಾಕಿ ಬ್ರೇಕ್‌ಪಾಯಿಂಟ್ ಇಟ್ಟು ಓಡಿಸಿ. ಪರದೆ ಮೇಲೆ ಯಾವ ಸಂಖ್ಯೆ ಬಂತು ನೋಡಿ, ವಹಿಯಲ್ಲಿ ಬರೆದಿಡಿ.

ನಮಸ್ಕಾರ.