ಹಡಗಿನಲ್ಲೂ ಪಂಕ್ತಿ ಊಟ

ಕೇಳುಗರೇ, ನಮಸ್ಕಾರ.

ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ನಮ್ಮ ಕಡೆಯ ಅಪ್ಪ, ಅಮ್ಮಂದಿರು ಈಗೀಗ ಕ್ರೂಸ್ ಹಡಗನ್ನೂ ಹತ್ತುತ್ತಾರೆ. ಹೊರಡುವ ಮೊದಲು ಅವರಿಗೆ ಒಂದೇ ಚಿಂತೆ. ಏಳು ದಿನ ನೀರಿನ ಮೇಲೆ, ಊಟಕ್ಕೆ ಏನು ಮಾಡೋದು?

ಅಮೆರಿಕದ ಮಯಾಮಿ ಬಂದರಿನಿಂದ ಹೊರಡುವ ‘ಐಕಾನ್ ಆಫ್ ದ ಸೀಸ್’ ಹಡಗನ್ನೇ ನೋಡೋಣ. 2024ರ ಜನವರಿಯಲ್ಲಿ ಓಡಾಟ ಶುರುಮಾಡಿತು. 20 ಡೆಕ್, ಅಂದರೆ 20 ಅಂತಸ್ತು. ಪೂರ್ತಿ ತುಂಬಿದರೆ 7,600 ಪ್ರಯಾಣಿಕರು. ತಿನ್ನಲು 20ಕ್ಕೂ ಹೆಚ್ಚು ಜಾಗಗಳಿವೆ. ಇಷ್ಟೊಂದು ಇರುವುದರಿಂದಲೇ ಹೊಸಬರಿಗೆ ಗೊಂದಲ.

ಹತ್ತಿದ ದಿನ ಮಧ್ಯಾಹ್ನ ಎಲ್ಲರೂ ವಿಂಡ್‌ಜಾಮರ್ ಎಂಬ ಬಫೆಗೆ ನುಗ್ಗುತ್ತಾರೆ. ಹೋಗಿ, ಆದರೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಜನ ಒತ್ತೊತ್ತಾಗಿರುವ ಕಡೆ ನೊರೊವೈರಸ್ ಬೇಗ ಹರಡುತ್ತದೆ. ವಾಂತಿ, ಭೇದಿ ಹಿಡಿದರೆ ಪ್ರವಾಸವೇ ಹಾಳು. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಈ ವೈರಸ್ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು. ಅಮೆರಿಕದ ಆರೋಗ್ಯ ಇಲಾಖೆಯವರು ಇಂಥ ಹಡಗುಗಳ ಅಡುಗೆಮನೆಗೆ ಮುನ್ಸೂಚನೆ ಕೊಡದೆ ಬಂದು ನೋಡಿ, 100ಕ್ಕೆ ಅಂಕ ಕೊಡುತ್ತಾರೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲು.

ದುಡ್ಡು ಕೊಟ್ಟು ತಿನ್ನುವ ಹೋಟೆಲುಗಳೂ ಹಡಗಿನಲ್ಲಿವೆ. ಸುಟ್ಟ ಮಾಂಸಕ್ಕೆ ಒಂದು, ಜಪಾನಿ ಊಟಕ್ಕೆ ಒಂದು, ಇಟಲಿ ಊಟಕ್ಕೆ ಒಂದು. ಆಸೆಯಿದ್ದರೆ ಒಂದು ರಾತ್ರಿ ಹೋಗಿ ಬನ್ನಿ, ಸಾಕು.

ನನ್ನ ಮನಸ್ಸಿರುವುದು ಮೈನ್ ಡೈನಿಂಗ್ ರೂಮಿನ ಮೇಲೆ, ಅಂದರೆ ಹಡಗಿನ ಮುಖ್ಯ ಊಟದ ಮನೆಯ ಮೇಲೆ. ಐಕಾನ್‌ನಲ್ಲಿ ಅದು ಮೂರು ಅಂತಸ್ತಿನದು. ಊಟದ ಖರ್ಚು ಟಿಕೆಟ್ಟಿನಲ್ಲೇ ಸೇರಿದೆ. ಅಲ್ಲಿ ನಮ್ಮ ಮದುವೆ ಮನೆಯ ಹಾಗೆ ಪಂಕ್ತಿಗಳಿವೆ. ಸಂಜೆ ಒಂದು, ರಾತ್ರಿ ಇನ್ನೊಂದು. ಬೇಕಾದಾಗ ಬಂದು ಕೂರುವ ಏರ್ಪಾಡೂ ಇದೆ. ಆದರೆ ಹಿರಿಯರು ಜೊತೆಗಿದ್ದರೆ ಪಂಕ್ತಿಯನ್ನೇ ಆರಿಸಿಕೊಳ್ಳಿ. ದಿನವೂ ಅದೇ ಮೇಜು, ಅದೇ ವೇಟರ್. ಎರಡನೇ ದಿನಕ್ಕೆ ಆತನಿಗೆ ನಿಮ್ಮ ಹೆಸರು ಗೊತ್ತಿರುತ್ತದೆ. ಅಮ್ಮನಿಗೆ ಐಸ್ ಹಾಕದ ನೀರು ಬೇಕು ಅನ್ನುವುದೂ ಗೊತ್ತಿರುತ್ತದೆ. ಭಾಷೆ ಬಾರದ ಅಮ್ಮನಿಗೆ ಅದು ಎಷ್ಟು ನೆಮ್ಮದಿ ಅಲ್ವಾ? ಡಿಸ್ನಿ ಹಡಗುಗಳಲ್ಲಂತೂ ದಿನಕ್ಕೊಂದು ಊಟದ ಮನೆಗೆ ನೀವು ಹೋದರೆ, ನಿಮಗೆ ಬಡಿಸುವವರೂ ನಿಮ್ಮ ಜೊತೆಗೇ ಅಲ್ಲಿಗೆ ಬರುತ್ತಾರೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಮೊದಲ ರಾತ್ರಿಯೇ ಹೆಡ್ ವೇಟರ್ ಹತ್ತಿರ ಹೋಗಿ, ನಾಳೆಯಿಂದ ನಮಗೆ ಇಂಡಿಯನ್ ವೆಜಿಟೇರಿಯನ್ ಊಟ ಬೇಕು ಅಂತ ಕೇಳಿ. ಒಂದು ದಿನ ಮುಂಚೆ ಹೇಳಿದರೆ ಬೇಳೆ, ಪಲ್ಯ, ಅನ್ನ ಮಾಡಿಕೊಡುವ ರೂಢಿ ಅನೇಕ ಹಡಗುಗಳಲ್ಲಿದೆ. ಸುಮ್ನೆ ‘ವೆಜ್’ ಅಂದರೆ ಸಾಲದು. ಮಾಂಸ, ಮೀನು, ಮೊಟ್ಟೆ ಬೇಡ ಅಂತ ಒಂದೊಂದನ್ನೂ ಬಿಡಿಸಿ ಹೇಳಿ. ತರಕಾರಿ ಸೂಪಿಗೂ ಕೋಳಿ ಬೇಯಿಸಿದ ನೀರು ಹಾಕಿರಬಹುದು, ಕೇಳಿಯೇ ಚಮಚ ಎತ್ತಿ. ಜೈನ ಊಟ ಬೇಕಾದವರು ಟಿಕೆಟ್ ಮಾಡಿಸುವಾಗಲೇ ಬರೆಸಿಬಿಡಿ. ಹಡಗು ಬಂದರು ಬಿಟ್ಟ ಮೇಲೆ ಒಳಗೆ ಇರುವ ಸಾಮಾನಿನಲ್ಲೇ ಹಡಗಿನವರು ಅಡುಗೆ ಮಾಡಬೇಕು.

ನಮಸ್ಕಾರ.