ಹುಚ್ಚೆಳ್ಳಿಗೊಂದು ಕುಂಡ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೂ ಕೇಳಿಸ್ತಿದೆ ಅಲ್ವಾ? ಸರಿ.

ತಾರಸಿಗೆ ಜೇನು ಕರೆಯುವ ಗಿಡಗಳ ಬಗ್ಗೆ ಮಾತಾಡುವ ಮೊದಲು ನನ್ನ ಮಾನ ಹೋದ ಕಥೆ ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ತಾರಸಿಯ ಮೇಲೆ ಹಳೇ ಡ್ರಮ್ಮಿನಲ್ಲಿ ಸಿಹಿಗುಂಬಳ ಹಾಕಿದ್ದೆ. ಬಳ್ಳಿ ನೀರಿನ ಟ್ಯಾಂಕಿನವರೆಗೆ ಹಬ್ಬಿತು. ಗೋಲಿಯಷ್ಟು ಮಿಡಿ ಬಂತು, ನಾಲ್ಕೇ ದಿನಕ್ಕೆ ಹಳದಿಯಾಗಿ ಉದುರಿತು. ಹೀಗೆ ಹನ್ನೊಂದು ಮಿಡಿ ಹೋದವು. ಪಕ್ಕದ ಮನೆ ಅಜ್ಜಿ, "ಯಾರದೋ ಕಣ್ಣು ಬಿದ್ದಿದೆ, ಒಂದು ಹಳೇ ಚಪ್ಪಲಿ ಕಟ್ಟಮ್ಮ" ಅಂದರು. ಕಟ್ಟಿದೆ. ಹನ್ನೆರಡನೆಯದೂ ಬಿತ್ತು.

ಕೊನೆಗೊಂದು ದಿನ ಬೆಳಿಗ್ಗೆ ಆರೂವರೆಗೆ ಕಾಫಿ ಲೋಟ ಹಿಡಿದು ಬಳ್ಳಿ ಮುಂದೆ ಕೂತೆ. ಒಂಬತ್ತಾದರೂ ಒಂದೇ ಒಂದು ಜೇನು ಸುಳಿಯಲಿಲ್ಲ. ಕುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತವೆ. ಅಷ್ಟರಲ್ಲಿ ಯಾರಾದರೂ ಪರಾಗ ಹೊತ್ತು ತರಬೇಕು. ಸುತ್ತ ಬರೀ ಮೋಲ್ಡು, ಟ್ಯಾಂಕು, ಬಟ್ಟೆ ಒಣಹಾಕುವ ತಂತಿ. ಒಂದು ಬಳ್ಳಿಯ ನಾಲ್ಕು ಹೂವಿಗಾಗಿ ಜೇನು ಮೂರು ಮಹಡಿ ಹತ್ತಿ ಯಾಕೆ ಬರಬೇಕು?

ಹಾಗಾದರೆ ಹೂಗಿಡ ಹೆಚ್ಚಿಸೋಣ ಅಂತ ದುಡ್ಡು ಸುರಿದೆ. ಕಾಗದದ ಹೂ, ಚೆಂಡಿನಂಥ ದೊಡ್ಡ ಚೆಂಡುಹೂ, ಮುದ್ದೆ ದಾಸವಾಳ. ನೋಡಿದವರೆಲ್ಲ ಹೊಗಳಿದರು. ಜೇನು ಮಾತ್ರ ಬರಲಿಲ್ಲ. ಕಾಗದದ ಹೂವಿನಲ್ಲಿ ನಾವು ಹೂ ಅಂದುಕೊಳ್ಳುವ ಬಣ್ಣವೆಲ್ಲ ಎಲೆಯೇ. ನಿಜವಾದ ಹೂ ಒಳಗಿನ ಆ ಸಣ್ಣ ಬಿಳಿ ಕೊಳವೆ. ಮುದ್ದೆ ದಾಸವಾಳದಲ್ಲಿ ಕೇಸರಗಳೇ ಎಸಳಾಗಿಬಿಟ್ಟಿರುತ್ತವೆ. ಎಸಳು ಜಾಸ್ತಿ ಆದಷ್ಟೂ ಪರಾಗ ಕಡಿಮೆ. ಅಂಗಡಿ ಬೋರ್ಡು ದೊಡ್ಡದು, ಒಳಗೆ ಸರಕಿಲ್ಲ.

ಆಗ ನೆನಪಾಗಿದ್ದು ನಮ್ಮಪ್ಪನ ಹೊಲ. ನನ್ನ ತವರು ಶ್ರೀನಿವಾಸಪುರದ ಕಡೆ. ಇಲ್ಲಿ ರಾಗಿ ಹೊಲ ನೋಡಿದವರಿಗೆ ಅಕ್ಕಡಿ ಸಾಲು ಗೊತ್ತಿರುತ್ತದೆ. ಕೆಲವು ಸಾಲು ರಾಗಿ, ಆಮೇಲೆ ಒಂದು ಸಾಲು ಅವರೆ, ತೊಗರಿ, ಜೋಳ, ಸಾಸಿವೆ, ಹುಚ್ಚೆಳ್ಳು. ಅಪ್ಪ ಅದನ್ನು ಜೇನಿಗಾಗಿ ಹಾಕುತ್ತಿರಲಿಲ್ಲ, ಹುಳಿ ಸಾರಿಗೆ, ಚಟ್ನಿಪುಡಿಗೆ ಹಾಕುತ್ತಿದ್ದರು. ಆದರೆ ಹುಚ್ಚೆಳ್ಳು ಅರಳಿದಾಗ ಆ ಹಳದಿ ಸಾಲಿನಲ್ಲಿ ನಡೆದರೆ ಕಿವಿ ತುಂಬ ಗುಂಯ್ ಅನ್ನುವ ಸದ್ದು. ಈಗ ಹೊಲಗಳಲ್ಲಿ ಆ ಸಾಲು ಅಪರೂಪವಾಗುತ್ತಿದೆ. ನಾನು ಮಾಡಿದ್ದು ಇಷ್ಟೇ, ಆ ಸಾಲನ್ನು ಕುಂಡಕ್ಕೆ ತಂದೆ.

ಹುಚ್ಚೆಳ್ಳಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ತೆಲುಗಿನಲ್ಲೂ ಇದು ವೆರ್ರಿನುವ್ವುಲು, ಎರಡೂ ಭಾಷೆಯವರು ಸೇರಿ ಪಾಪದ ಗಿಡಕ್ಕೆ ಹುಚ್ಚು ಅಂಟಿಸಿದ್ದೇವೆ. ಇದು ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ. ಪಕ್ಕದ ಗಿಡದ್ದು ಬೇಕು, ತರುವುದಕ್ಕೆ ಜೇನು ಬೇಕು. ಅದಕ್ಕೇ ಜೇನಿಗೆ ಧಾರಾಳವಾಗಿ ಬಡಿಸುತ್ತದೆ. ಹಾಗಾಗಿ ಒಂಟಿ ಗಿಡ ಬೇಡ. ಹನ್ನೆರಡು ಇಂಚಿನ ಕುಂಡದಲ್ಲಿ ನಾಲ್ಕೈದು ಗಿಡ ಒಟ್ಟಿಗೆ ಇರಲಿ. ಎತ್ತರ ಹೋಗಿ ಗಾಳಿಗೆ ಬೀಳುತ್ತದೆ, ಒಂದು ಕೋಲು ನೆಟ್ಟು ಕಟ್ಟಿ.

ಇನ್ನು ಅಡುಗೆಮನೆಯ ಗಿಡಗಳು. ನಾವು ಮಾಡುವ ತಪ್ಪು ಒಂದೇ, ಹೂ ಬಿಡುವ ಮೊದಲೇ ಕಿತ್ತುಬಿಡುವುದು. ಕೊತ್ತಂಬರಿ, ಸಬ್ಬಸಿಗೆ, ಸಾಸಿವೆ ಎರಡು ಕುಂಡದಲ್ಲಿ ಹಾಕಿದರೆ ಒಂದು ನಿಮಗೆ, ಇನ್ನೊಂದನ್ನು ಸುಮ್ನೆ ಬಿಟ್ಟುಬಿಡಿ. ಸಬ್ಬಸಿಗೆ ಹೂವಿಗೆ ಬರುವ ಒಂದು ಸಣ್ಣ ನೊಣ ಇದೆ, ಜೇನಿನ ವೇಷ ಹಾಕಿಕೊಂಡು ಗಾಳಿಯಲ್ಲಿ ಅಲುಗಾಡದೆ ನಿಲ್ಲುತ್ತದೆ. ಅದರ ಮರಿಹುಳುಗಳು ಅವರೆ ಕುಡಿಯ ಹೇನನ್ನು ತಿನ್ನುತ್ತವೆ. ಕಾಮಕಸ್ತೂರಿ ಇದ್ದರೆ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು, ಪುಟ್ಟ ಕೋಲುಜೇನು ಎರಡೂ ಬರುತ್ತವೆ. ತುಳಸಿ ಕದಿರನ್ನು ಚಿವುಟುವ ಅಭ್ಯಾಸ ನಮಗೆಲ್ಲ ಇದೆ. ಕಟ್ಟೆಯ ತುಳಸಿಯನ್ನು ಬೇಕಾದರೆ ಚಿವುಟಿ, ತಾರಸಿಯ ಇನ್ನೊಂದು ತುಳಸಿಯನ್ನು ಮುಟ್ಟಬೇಡಿ. ಜಾಗ ಇಲ್ಲ ಅನ್ನುವವರಿಗೆ ಟೇಬಲ್ ರೋಸ್. ಒಡೆದ ಟಬ್ಬಿನ ತಳದಲ್ಲೂ ಬದುಕುತ್ತದೆ. ಒಂಟಿ ಎಸಳಿನದನ್ನೇ ತನ್ನಿ.

ಜೇನು ಅಂದರೆ ಗೂಡು ಕಟ್ಟುವ ಜೇನು ಮಾತ್ರ ಅಲ್ಲ. ನನಗೆ ಹುಚ್ಚು ಹಿಡಿಸಿದ್ದು ನೀಲಿಪಟ್ಟೆ ಜೇನು. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಗೆರೆಗಳು. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ನಮ್ಮ ಕೋಲಾರದ್ದು, ಆದರೆ ಟೊಮೆಟೊ ಹೂ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿದವರು ಕಡಿಮೆ. ಅದರ ಪರಾಗ ತುದಿಯಲ್ಲಿ ಸಂದು ಇರುವ ಪುಡಿ ಡಬ್ಬಿಯೊಳಗೆ ಇದ್ದಂತೆ. ಅಲುಗಿಸಿದರೆ ಮಾತ್ರ ಉದುರುತ್ತದೆ. ಗಾಳಿಗೆ ಅಲುಗಿ ಅಷ್ಟಿಷ್ಟು ಕಾಯಿ ಕಟ್ಟುವುದು ಹೌದು. ಈ ನೀಲಿಪಟ್ಟೆಯದು ಹೂವನ್ನು ಹಿಡಿದು ಮೈಯೆಲ್ಲ ಗಡಗಡ ನಡುಗಿಸುತ್ತದೆ, ಪರಾಗ ಸುರಿಯುತ್ತದೆ. ನಮ್ಮ ತುಡುವೆಗೆ ಆ ವಿದ್ಯೆ ಬರುವುದಿಲ್ಲ. ಬದನೆಗೂ ಇದೇ ಬೇಕು. ಇದಕ್ಕೆ ಗೂಡಿಲ್ಲ, ರಾಣಿಯಿಲ್ಲ. ಒಂದೊಂದು ಹೆಣ್ಣೂ ಒಣಮಣ್ಣಿನಲ್ಲಿ, ಹಳೇ ಮಣ್ಣಿನ ಗೋಡೆಯಲ್ಲಿ ತನ್ನದೇ ತೂತು ಮಾಡಿಕೊಳ್ಳುತ್ತದೆ. ಗಂಡುಗಳು ಸಂಜೆ ಒಣಕಡ್ಡಿಯನ್ನು ದವಡೆಯಿಂದ ಕಚ್ಚಿಕೊಂಡು ಸಾಲಾಗಿ ಮಲಗುತ್ತವೆ. ನಮ್ಮನೆಯ ಕಾಮಕಸ್ತೂರಿಯ ಒಣಕಡ್ಡಿಯ ಮೇಲೆ ಆರು ಮಲಗಿದ್ದನ್ನು ನೋಡಿದ ಮೇಲೆ ಒಣಗಿದ್ದನ್ನೆಲ್ಲ ಗುಡಿಸಿ ಎಸೆಯುವುದನ್ನು ಬಿಟ್ಟೆ. ಮನೆಯವರು ಬೈಯುತ್ತಾರೆ, ಬೈಯಲಿ.

ಗುಲಾಬಿ ಎಲೆಯಲ್ಲಿ ಬಳೆಚೂರಿನ ಹಾಗೆ ಅರ್ಧ ದುಂಡಗೆ ಕತ್ತರಿಸಿದ್ದನ್ನು ನೋಡಿ ಔಷಧ ಹೊಡೆಯಬೇಡಿ. ಅದು ಹುಳು ತಿಂದದ್ದಲ್ಲ. ಎಲೆ ಕತ್ತರಿಸುವ ಒಂದು ಜಾತಿಯ ಜೇನು ಮರಿಗೆ ತೊಟ್ಟಿಲು ಕಟ್ಟಲು ಒಯ್ದದ್ದು. ಗಿಡಕ್ಕೆ ಏನೂ ಆಗುವುದಿಲ್ಲ.

ಔಷಧದ ಮಾತು ಬಂತು. ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕದ ಹೆಸರು ಎಲ್ಲ ರೈತರಿಗೂ ಗೊತ್ತು. ಅದು ಎಲೆಯ ಮೇಲೆ ನಿಲ್ಲುವುದಿಲ್ಲ, ಗಿಡದೊಳಗೆ ಹೋಗಿ ಮಕರಂದಕ್ಕೂ ಪರಾಗಕ್ಕೂ ಇಳಿಯುತ್ತದೆ. ಔಷಧ ಹಾಕಿ ಬೆಳೆಸಿದ ಸಸಿ ತಂದರೆ ಜೇನನ್ನು ಊಟಕ್ಕೆ ಕರೆದು ವಿಷ ಇಟ್ಟ ಹಾಗೆ. ಅದಕ್ಕೇ ನಾನು ಸಸಿಗಿಂತ ಬೀಜ ಮೇಲು ಅನ್ನುತ್ತೇನೆ. ತೀರಾ ಹೇನು ಬಂದರೆ ನೀರನ್ನು ಜೋರಾಗಿ ಚಿಮ್ಮಿಸಿ. ಬೇವಿನೆಣ್ಣೆ ಆದರೂ ಹೊತ್ತು ಮುಳುಗಿದ ಮೇಲೆ, ಹೂವಿಗೆ ತಾಗದಂತೆ.

ಕುಂಡದ ಮಣ್ಣು ಬಗ್ಗೆ ನಿಮಗೆಲ್ಲ ಗೊತ್ತು, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ತೂಕ ಮಾತ್ರ ಮರೆಯಬೇಡಿ. ಇಪ್ಪತ್ತು ಲೀಟರ್ ಬಕೆಟ್ಟಿನಲ್ಲಿ ಒದ್ದೆ ಮಣ್ಣು ಮೂವತ್ತು ಕೆಜಿ ದಾಟಬಹುದು. ತೊಲೆ, ಗೋಡೆ ಇರುವ ಕಡೆ ಸಾಲಾಗಿ ಇಡಿ, ನಡುವೆ ಗುಂಪು ಹಾಕಬೇಡಿ. ಒಂದು ತಟ್ಟೆಯಲ್ಲಿ ಕಲ್ಲು ಹರಡಿ ನೀರಿಡಿ, ಕಲ್ಲಿಲ್ಲದಿದ್ದರೆ ಜೇನು ಮುಳುಗಿ ಸಾಯುತ್ತದೆ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಬದಲಿಸಿ, ಸೊಳ್ಳೆ ಆಗುವುದಿಲ್ಲ.

ಹೆಜ್ಜೇನು ಬಂದು ಕಚ್ಚಿದರೆ ಏನು ಗತಿ ಅಂತ ಬರುವಾಗಲೇ ಒಬ್ಬರು ಕೇಳಿದರು. ಗೂಡಿಗೆ ಕಲ್ಲು ಬಿದ್ದರೆ, ಹೊಗೆ ತಾಗಿದರೆ ಅದು ಅಟ್ಟಿಸಿಕೊಂಡು ಬರುವುದು ನಿಜ. ಹೂವಿನ ಮೇಲೆ ಕೂತ ಜೇನಿಗೆ ಜಗಳಕ್ಕೆ ಪುರುಸೊತ್ತಿಲ್ಲ. ಕೈಯಲ್ಲಿ ಹಿಡಿಯದಿದ್ದರೆ ಸಾಕು. ಮನೆಯಲ್ಲಿ ಯಾರಿಗಾದರೂ ಜೇನು ಕಚ್ಚಿ ಹಿಂದೆ ಉಸಿರಾಟದ ತೊಂದರೆ ಆಗಿದ್ದರೆ ಮಾತ್ರ ಕುಂಡಗಳನ್ನು ದೂರ ಇಟ್ಟರೆ ಸಾಲದು, ಮೊದಲು ವೈದ್ಯರನ್ನು ಕೇಳಿ.

ಮರುವರ್ಷ ಹಾಕಿದ ಸಿಹಿಗುಂಬಳಕ್ಕೆ ಮೂರು ಕಾಯಿ ಬಿಟ್ಟವು. ಚಪ್ಪಲಿ ಇನ್ನೂ ಅಲ್ಲೇ ನೇತಾಡುತ್ತಿದೆ, ಹಾಗಾಗಿ ಅಜ್ಜಿ ಕೀರ್ತಿಯನ್ನೆಲ್ಲ ತಾವೇ ತೆಗೆದುಕೊಂಡಿದ್ದಾರೆ.

ಬಾಗಿಲ ಹತ್ತಿರದ ಮೇಜಿನ ಮೇಲೆ ಹುಚ್ಚೆಳ್ಳಿನ ಬೀಜ ಪೊಟ್ಟಣ ಕಟ್ಟಿಟ್ಟಿದ್ದೇನೆ. ಒಂದರಲ್ಲಿ ಹತ್ತು ಹದಿನೈದು ಬೀಜ. ಮೇಲೆ ತೆಳ್ಳಗೆ ಮಣ್ಣು ಉದುರಿಸಿದರೆ ಸಾಕು, ಆಳಕ್ಕೆ ಹೂಳಬೇಡಿ. ಮನೆಗೊಂದೇ ತೆಗೆದುಕೊಳ್ಳಿ, ಹಿಂದೆ ಕೂತವರಿಗೂ ಸಿಗಬೇಕು.