ಅಲಾಸ್ಕಾ ಕ್ರೂಸ್: ಯಾವಾಗ ಮಲಗಬೇಕು, ಯಾವಾಗ ಡೆಕ್‌ಗೆ ಓಡಬೇಕು

ಈ ವಿಡಿಯೋದಲ್ಲಿ ಮೊದಲು ಹಡಗಿನ ಗಡಿಯಾರ ನೋಡಿ, ರಾತ್ರಿ ಒಂಬತ್ತೂವರೆ. ಕಿಟಕಿ ಆಚೆ ನೋಡಿದ್ರೆ ನಮ್ಮ ಕಡೆ ಸಂಜೆ ಐದರ ಬೆಳಕು. ಜೂನ್ ಕೊನೇಲಿ ಅಲಾಸ್ಕಾದ ಜೂನೋ ಊರಲ್ಲಿ ಸೂರ್ಯ ಮುಳುಗೋದು ರಾತ್ರಿ ಹತ್ತು ದಾಟಿದ ಮೇಲೆ, ಮತ್ತೆ ಹುಟ್ಟೋದು ನಾಲ್ಕು ಗಂಟೆಗೂ ಮುಂಚೆ. ಅಲಾಸ್ಕಾ ಕ್ರೂಸ್‌ನಲ್ಲಿ ಜನ ಸುಸ್ತಾಗೋದು ನಡೆದೂ ನಡೆದೂ ಅಲ್ಲ, ಈ ಬೆಳಕಿಂದ. ಇನ್ನೂ ಹೊತ್ತಿದೆ ಅನ್ಕೊಂಡು ಡೆಕ್ ಮೇಲೇ ನಿಂತಿರ್ತಾರೆ. ನಾಲ್ಕು ದಿನ ಹೀಗೆ ನಿದ್ದೆಗೆಟ್ಟು, ಐದನೇ ದಿನ ಹಿಮನದಿ ಎದುರಿಗೆ ಹಡಗು ನಿಂತಾಗ ಕಣ್ಣು ಎಳೀತಿರುತ್ತೆ.

ಅದಕ್ಕೆ ಮೊದಲ ರಾತ್ರಿನೇ ಈ ಕೆಲಸ ಮಾಡಿ. ಕ್ಯಾಬಿನ್ ಕಿಟಕಿಗೆ ಎರಡು ಪರದೆ ಇರುತ್ತೆ, ತೆಳ್ಳಗಿಂದು, ದಪ್ಪಗಿಂದು. ದಪ್ಪ ಪರದೆ ಎಳೆದ್ರೂ ನಡುವೆ ಎರಡು ಬೆರಳು ಸಂದು ಬಿಡುತ್ತೆ, ಬೆಳಿಗ್ಗೆ ನಾಲ್ಕಕ್ಕೆ ಅಲ್ಲಿಂದ ಬಿಸಿಲು ನೇರ ಮುಖಕ್ಕೆ. ಕಪಾಟಿನಲ್ಲಿ ಪ್ಯಾಂಟ್ ನೇತುಹಾಕೋ ಕ್ಲಿಪ್ ಹ್ಯಾಂಗರ್ ಇರುತ್ತಲ್ಲ, ಅದರಿಂದ ಎರಡೂ ಅಂಚು ಸೇರಿಸಿ ಕಚ್ಚಿಸಿ. ಅಷ್ಟೇ.

ಈಗ ನೋಡ್ತಿರೋದು ಅಮೆರಿಕದ ಸಿಯಾಟಲ್ ಬಿಟ್ಟ ಮಾರನೇ ದಿನ. ಏಳು ರಾತ್ರಿ ಪ್ರವಾಸ, ಈ ದಿನ ಪೂರ್ತಿ ನೀರಿನ ಮೇಲೆ. ಅಲೆ ಸ್ವಲ್ಪ ಜೋರಿದೆ, ಕಾರಣ ಇದೆ. ಸಿಯಾಟಲ್‌ನಿಂದ ಹೊರಡೋ ದೊಡ್ಡ ಹಡಗುಗಳು ಸಾಮಾನ್ಯವಾಗಿ ಕೆನಡಾದ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಸಮುದ್ರದಲ್ಲಿ ಹೋಗ್ತವೆ. ಕೆನಡಾದಲ್ಲೇ ಇರೋ ವ್ಯಾಂಕೂವರ್ ಊರಿಂದ ಹೊರಡೋ ಹಡಗು ದ್ವೀಪಕ್ಕೂ ನೆಲಕ್ಕೂ ನಡುವಿನ ಒಳದಾರಿ ಹಿಡಿಯುತ್ತೆ, ಅಲ್ಲಿ ನೀರು ಕೆರೆ ಥರ. ವಾಂತಿ, ತಲೆಸುತ್ತು ಇರೋರು ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಅಂತಸ್ತಿನ ಕ್ಯಾಬಿನ್ ಹಿಡೀರಿ. ತೂಗಾಟ ಅಲ್ಲೇ ಕಡಿಮೆ. ಮಾತ್ರೆ ತಗೊಳೋದಾದ್ರೆ ಹೊಟ್ಟೆ ತೊಳೆಸೋಕೆ ಶುರುವಾಗೋ ಮುಂಚೆನೇ ತಗೋಬೇಕು, ಆಮೇಲೆ ನುಂಗಿದ್ರೆ ಅದೂ ಹೊರಗೆ ಬರುತ್ತೆ.

ವೀಸಾ ವಿಷಯ ಇಲ್ಲೇ ಹೇಳಿಬಿಡ್ತೀನಿ, ತುಂಬಾ ಜನ ಎಡವೋದು ಇಲ್ಲೇ. ಅಮೆರಿಕದಲ್ಲಿರೋ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮನ್ನ ಈ ಕ್ರೂಸ್‌ಗೆ ಕರ್ಕೊಂಡು ಹೋಗೋ ಕನ್ನಡದವರು ಬಹಳ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರ್ತೀವಿ, ಅಲಾಸ್ಕಾನೂ ಅಮೆರಿಕಾನೇ, ಇನ್ನೇನು ಅಂತಾರೆ. ಆದ್ರೆ 1886ರ ಒಂದು ಅಮೆರಿಕನ್ ಕಾಯ್ದೆ ಪ್ರಕಾರ ಬೇರೆ ದೇಶದ ಬಾವುಟ ಹೊತ್ತ ಹಡಗು ಹೀಗೆ ಸುತ್ತಾಡಿಸಿಕೊಂಡು ಬರಬೇಕಾದ್ರೆ ನಡುವೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು. ಅದಕ್ಕೇ ಕೊನೇ ರಾತ್ರಿ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲಿಸ್ತಾರೆ. ಭಾರತದ ಪಾಸ್‌ಪೋರ್ಟ್ ಇದ್ರೆ ಆ ಮೂರ್ನಾಲ್ಕು ಗಂಟೆಗಾಗಿ ಕೆನಡಾ ವೀಸಾ ಬೇಕು, ವಾಪಸ್ ಬರೋಕೆ ಅಮೆರಿಕ ವೀಸಾ ಮಲ್ಟಿಪಲ್ ಎಂಟ್ರಿ, ಅಂದ್ರೆ ಹಲವು ಸಲ ಒಳಗೆ ಬರೋದಕ್ಕೆ ಬಿಡೋ ಥರದ್ದು ಆಗಿರಬೇಕು. ಇಲ್ಲದಿದ್ರೆ ಮೊದಲ ದಿನ ಹಡಗು ಹತ್ತೋ ಕೌಂಟರ್‌ನಲ್ಲೇ ತಡೀತಾರೆ. ಟಿಕೆಟ್ ಬುಕ್ ಮಾಡೋ ಮುಂಚೆ ವೀಸಾ. ಹೇಗೂ ಕೆನಡಾ ವೀಸಾ ಮಾಡಿಸಲೇಬೇಕು ಅಂದ್ಮೇಲೆ ವ್ಯಾಂಕೂವರ್‌ನಿಂದಲೇ ಹೊರಡಿ, ದಾರಿ ಚೆನ್ನಾಗಿದೆ.

ಸರಿ, ಈ ಶಾಟ್ ನೋಡಿ. ಗಾಜಿನ ಚಾವಣಿ, ಒಳಗೆ ಬಿಸಿನೀರಿನ ಕೊಳ, ಆಚೆ ಹಿಮದ ಬೆಟ್ಟ. ಎಲ್ಲರಿಗೂ ಬೇಕಾದ ಶಾಟ್. ಆದ್ರೆ ಚಿತ್ರ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಕಾಣ್ತಿದೆಯಲ್ಲ? ಅದು ಹೊರಗಿನ ಮಂಜಲ್ಲ. ಲೆನ್ಸ್ ಮೇಲೆ ಕೂತ ನೀರು. ಇದರ ಬಗ್ಗೆ ಪೂರ್ತಿ ಹೇಳಬೇಕು, ಈ ಪ್ರವಾಸದಲ್ಲಿ ಅತಿ ಹೆಚ್ಚು ವಿಡಿಯೋ ಹಾಳಾಗೋದು ಇದರಿಂದಲೇ.

ಹೊರಗಡೆ ಡೆಕ್ ಮೇಲೆ ಆರೋ ಏಳೋ ಡಿಗ್ರಿ. ಅರ್ಧ ಗಂಟೆ ಅಲ್ಲಿದ್ದ ಕ್ಯಾಮೆರಾ ಪೂರ್ತಿ ತಣ್ಣಗಾಗಿರುತ್ತೆ, ಲೋಹ, ಗಾಜು ಎಲ್ಲ. ಅದನ್ನ ಹಾಗೇ ಕೊಳದ ಹತ್ರ ತಂದ್ರೆ ಅಲ್ಲಿನ ಗಾಳಿ ಬೆಚ್ಚಗೆ, ತೇವ ತುಂಬಿರೋದು. ಫ್ರಿಜ್‌ನಿಂದ ತೆಗೆದ ಸ್ಟೀಲ್ ಚೊಂಬು ಅಡುಗೆಮನೆ ಕಟ್ಟೆ ಮೇಲಿಟ್ರೆ ಬೆವರುತ್ತಲ್ಲ, ಅದೇ. ಹೊರಗಾಜಿನ ಮೇಲೆ ಕೂತ ನೀರು ಒಂದು ಹತ್ತು ನಿಮಿಷದಲ್ಲಿ ಆರಬಹುದು. ತೊಂದರೆ ಇರೋದು ಒಳಗಡೆ. ಅಂಥ ಹೊತ್ತಲ್ಲಿ ಝೂಮ್ ತಿರುಗಿಸಿದ್ರೆ ಲೆನ್ಸ್ ಉದ್ದ ಆಗ್ತಾ ಪಂಪ್ ಥರ ಆ ತೇವದ ಗಾಳಿನ ಒಳಗೆ ಎಳ್ಕೊಳ್ಳುತ್ತೆ. ಒಳಗಿನ ಗಾಜಿನ ಮೇಲೆ ಮಂಜು ಕೂತ್ರೆ ಒರೆಸೋಕೆ ಕೈ ಹೋಗಲ್ಲ, ಗಂಟೆಗಟ್ಟಲೆ ಕಾಯಬೇಕು.

ಹಾಗಾದ್ರೆ ಮಾಡಬೇಕಾದ್ದೇನು? ಬಾಗಿಲು ತೆರೆಯೋ ಮುಂಚೆ, ಡೆಕ್ ಮೇಲೇ, ಕ್ಯಾಮೆರಾನ ಜಿಪ್ ಇರೋ ಪ್ಲಾಸ್ಟಿಕ್ ಕವರ್‌ಗೆ ಹಾಕಿ. ಒಳಗಿನ ಗಾಳಿನ ಕೈಯಿಂದ ಒತ್ತಿ ತೆಗೆದು ಮುಚ್ಚಿ. ಆಮೇಲೆ ಒಳಗೆ ಬನ್ನಿ. ಕ್ಲೋಸಪ್ ಹಾಕಿದ್ದೀನಿ, ನೋಡಿ: ನೀರಿನ ಹನಿಗಳೆಲ್ಲ ಕವರ್‌ನ ಹೊರಮೈ ಮೇಲೆ ಸಾಲಾಗಿ ಕೂತಿವೆ, ಒಳಗೆ ಲೆನ್ಸ್ ಒಣಗೇ ಇದೆ. ಮೂವತ್ತರಿಂದ ನಲವತ್ತೈದು ನಿಮಿಷ ಮುಟ್ಟಬೇಡಿ. ಕ್ಯಾಮೆರಾ ಕೋಣೆಯಷ್ಟೇ ಬೆಚ್ಚಗಾದ ಮೇಲೆ ಬಿಚ್ಚಿ. ಮೆಮರಿ ಕಾರ್ಡ್ ಬೇಕಿದ್ರೆ ಕವರ್‌ಗೆ ಹಾಕೋ ಮುಂಚೆನೇ ತೆಗೆದಿಟ್ಟುಕೊಳ್ಳಿ. ಟಿಶ್ಯೂ ಪೇಪರ್‌ನಿಂದ ಒರೆಸಬೇಡಿ, ಗೀರು ಬೀಳುತ್ತೆ. ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರೋ ಸಿಲಿಕಾ ಪೊಟ್ಟಣ ಎರಡು ಮೂರು ಕವರ್‌ನಲ್ಲಿ ಇದ್ರೆ ಒಳ್ಳೇದು.

ಹೊರಗೆ ಚಳಿಯಲ್ಲಿ ನೋಡೋದಕ್ಕೂ ಒಳಗೆ ಬೆಚ್ಚಗೆ ಕೂರೋದಕ್ಕೂ ನಡುವೆ ಮುಕ್ಕಾಲು ಗಂಟೆ ಬಿಡಬೇಕು ಅಂತಾಯ್ತು. ಆ ಮುಕ್ಕಾಲು ಗಂಟೇಲಿ ಕ್ಯಾಮೆರಾ ಇಲ್ಲದೆ ಕಾಫಿ ಕುಡೀರಿ. ದಿನಕ್ಕೆ ಎರಡು ಸಲ ಹೀಗೆ ಮಾಡಿದ್ರೆ ಸಿಗೋ ವಿಶ್ರಾಂತಿ ಸಾಕಾಗುತ್ತೆ. ಕನ್ನಡಕ ಹಾಕೋ ಹಿರಿಯರಿಗೂ ಇದೇ ಪಾಡು: ಒಳಗೆ ಬಂದ ತಕ್ಷಣ ಗಾಜು ಮಸುಕಾಗುತ್ತೆ, ಹಡಗಿನ ಬಾಗಿಲ ಹೊಸ್ತಿಲು ಎತ್ತರ ಇರುತ್ತೆ, ಎಡವಿ ಬೀಳ್ತಾರೆ. ಬಾಗಿಲ ಹತ್ರ ಒಂದು ನಿಮಿಷ ನಿಂತು, ಒರೆಸ್ಕೊಂಡು ಹೆಜ್ಜೆ ಇಡೋಕೆ ಹೇಳಿ.

ಜೂನೋ ಬಂತು. ಅಲಾಸ್ಕಾದ ರಾಜಧಾನಿ, ಆದ್ರೆ ಹೊರಗಿನಿಂದ ಇಲ್ಲಿಗೆ ಒಂದೂ ರಸ್ತೆ ಇಲ್ಲ, ಹಡಗಲ್ಲಿ ಬರಬೇಕು, ಇಲ್ಲಾಂದ್ರೆ ವಿಮಾನದಲ್ಲಿ. ಇಲ್ಲಿ ಒಂದೇ ಕೆಲಸ ಇಟ್ಕೊಳ್ಳಿ. ತಿಮಿಂಗಿಲ, ಇಲ್ಲವೇ ಮೆಂಡನ್‌ಹಾಲ್ ಹಿಮನದಿ. ಎರಡನ್ನೂ ತುರುಕಿದ್ರೆ ಬಸ್ಸಲ್ಲೇ ದಿನ ಹೋಗುತ್ತೆ. ಮೆಂಡನ್‌ಹಾಲ್ ಊರಿಂದ ಸುಮಾರು 20 ಕಿಲೋಮೀಟರ್. ಸಿಟಿ ಬಸ್ಸು ಅಗ್ಗ, ಆದ್ರೆ ಕೊನೇವರೆಗೆ ಹೋಗಲ್ಲ, ಇಳಿದು ಸುಮಾರು ಒಂದೂವರೆ ಮೈಲಿ ನಡೀಬೇಕು. ಹಿರಿಯರಿದ್ರೆ ಆ ಬಸ್ಸು ಬೇಡ. ಹಿಮನದಿ ನೋಡೋ ಜಾಗದಿಂದ ನಗೆಟ್ ಜಲಪಾತಕ್ಕೆ ಹೋಗಿಬರೋಕೆ ಎರಡು ಮೈಲಿ, ಸಮತಟ್ಟು ದಾರಿ. 377 ಅಡಿ ಎತ್ತರ, ಜೋಗ ನೋಡಿದೋರಿಗೆ ಎತ್ತರ ದೊಡ್ಡದಲ್ಲ, ಆದ್ರೆ ಇಲ್ಲಿ ನೀರಿನ ಬುಡದವರೆಗೆ ಹೋಗಿ ನಿಲ್ಲಬಹುದು. ಕರಡಿ ಓಡಾಡೋ ಜಾಗ, ತಿಂಡಿ ಪೊಟ್ಟಣ ಕಟ್ಕೊಂಡು ಹೋಗ್ಬೇಡಿ.

ಗಡಿಯಾರ! ಅಲಾಸ್ಕಾ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಫೋನ್ ಯಾವ ಸಿಗ್ನಲ್ ಹಿಡಿದಿದೆಯೋ ಅದರ ಸಮಯ ತೋರಿಸುತ್ತೆ. ಹಡಗು ಕಾಯೋದು ಹಡಗಿನ ಗಡಿಯಾರಕ್ಕೆ. ಕೈಗಡಿಯಾರ ಒಂದಿರಲಿ. ಹೊರಡೋ ಸಮಯಕ್ಕೆ ಅರ್ಧ ಗಂಟೆ ಮುಂಚೆ ಎಲ್ಲರೂ ಒಳಗಿರಬೇಕು. ಸಮುದ್ರದಲ್ಲಿ ಫೋನ್ ಏರ್‌ಪ್ಲೇನ್ ಮೋಡ್‌ನಲ್ಲೇ ಇರಲಿ, ಇಲ್ಲದಿದ್ರೆ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದು ರೋಮಿಂಗ್ ಬಿಲ್ ಏರುತ್ತೆ.

ಮುಂದಿನ ಬಂದರು ಸ್ಕ್ಯಾಗ್ವೇ. ಇಲ್ಲಿ ರೈಲು ಹತ್ತಿ, ಬೇರೆ ಏನೂ ಯೋಚನೆ ಮಾಡ್ಬೇಡಿ. ಕ್ಲಾಂಡೈಕ್ ಚಿನ್ನದ ಹಿಂದೆ ಜನ ಓಡಿದ ಕಾಲದಲ್ಲಿ, 1898ರಿಂದ 1900ರೊಳಗೆ ಕಟ್ಟಿದ ವೈಟ್ ಪಾಸ್ ರೈಲು. ಮೂರಡಿ ಅಗಲದ ಹಳಿ. ಸಮುದ್ರ ಮಟ್ಟದಿಂದ 20 ಮೈಲಿಯಲ್ಲಿ 2,865 ಅಡಿ ಮೇಲೇರುತ್ತೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು 50ಕ್ಕೆ 1, ಅದಕ್ಕೇ ಹಿಂದೆ ಇಂಜಿನ್ ಹಚ್ಚಿ ತಳ್ತಾರೆ. ಇಲ್ಲಿ ಏರು 3.9 ಪರ್ಸೆಂಟ್ ತನಕ, ಅಂದ್ರೆ ಹೆಚ್ಚುಕಮ್ಮಿ 26ಕ್ಕೆ 1. ಘಾಟಿ ರೈಲಿನ ಮಳೆಗಾಲದ ಪ್ರಯಾಣದ ಮುಂದೆ ಇದು ಏನೂ ಅಲ್ಲ ಅನ್ನೋರಿದ್ದಾರೆ. ಹಸಿರಿಗೆ ನಮ್ಮದೇ ಸೈ, ಕಡಿದಾದ ಬಂಡೆಗೆ ಇದೇ. ಹಾಂ, ಸೇತುವೆ ಬಂತು: ಹೋಗುವಾಗ ಎಡಗಡೆ ಸೀಟು ಹಿಡೀರಿ, ಕಣಿವೆ ಪೂರ್ತಿ ಆ ಕಡೆ. ಕೂತಲ್ಲೇ ಎಲ್ಲ ಕಾಣುತ್ತೆ, ಹೀಟರ್ ಇರುತ್ತೆ, ಮಂಡಿನೋವಿನವರಿಗೂ ಸುಲಭ. ಹಿಂದಿನ ದಿನ ಜೂನೋದಲ್ಲಿ ನಡೆದ ಕಾಲಿಗೆ ಇದೇ ವಿಶ್ರಾಂತಿ. ಕೆನಡಾದ ಯೂಕಾನ್ ಕಡೆ ಗಡಿ ದಾಟೋ ಪ್ರವಾಸ ತಗೊಂಡ್ರೆ ಪಾಸ್‌ಪೋರ್ಟ್, ವೀಸಾ ಜೊತೆಗಿರಲಿ. ಮಧ್ಯಾಹ್ನ ವಾಪಸ್ ಬಂದು ಮಲಗಿ. ಕೆಲವು ಹಡಗುಗಳ ಬಂದರು ಕ್ರಮ ಬೇರೆ ಇರುತ್ತೆ, ಆದ್ರೆ ಹಿಮನದಿ ನೋಡೋ ಗ್ಲೇಸಿಯರ್ ಬೇ ದಿನದ ಹಿಂದಿನ ರಾತ್ರಿ ಹತ್ತರೊಳಗೆ ಮಲಗೋದು ಮಾತ್ರ ಬದಲಾಗಬಾರದು.

ಇದೇ ಆ ದಿನ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗು ಬಿಡ್ತಾರೆ. ಟಿಕೆಟ್ ತಗೊಳ್ಳುವಾಗ ಪಟ್ಟಿಯಲ್ಲಿ ಈ ಹೆಸರೇ ಇದೆಯಾ ನೋಡಿ. ಬೆಳಿಗ್ಗೆ ಬಾರ್ಟ್ಲೆಟ್ ಕೋವ್ ಹತ್ರ ಸಣ್ಣ ದೋಣಿಯಲ್ಲಿ ಉದ್ಯಾನದ ರೇಂಜರ್‌ಗಳು ಬಂದು ಏಣಿ ಹತ್ತಿ ಹಡಗು ಸೇರ್ತಾರೆ. ಅಲ್ಲಿಂದ ಕೊಲ್ಲಿಯ ತುದಿಗೆ ಸುಮಾರು 65 ಮೈಲಿ, ಮೂರ್ನಾಲ್ಕು ಗಂಟೆ. ಎಲ್ಲರೂ ಆರು ಗಂಟೆಗೇ ಎದ್ದು ಡೆಕ್ ಮುಂಭಾಗದಲ್ಲಿ ಜಾಗ ಹಿಡಿದು ನಡುಗ್ತಾ ನಿಂತಿರ್ತಾರೆ. ಬೇಡ. ಮೊದಲ ಗಂಟೆಗಳು ಕಾಡು, ಬೆಟ್ಟ. ಒಳಗೆ ಕಿಟಕಿ ಪಕ್ಕ ಕೂತು ತಿಂಡಿ ತಿನ್ನಿ. ರೇಂಜರ್ ಮಾತು ಧ್ವನಿವರ್ಧಕದಲ್ಲಿ ಬರುತ್ತೆ, ಕೇಳಿ, ಬಿಡಬೇಡಿ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ತಂಡ ಬಂದಾಗ ಈ ಕೊಲ್ಲಿ ಬಾಯಿಯ ಹತ್ರವೇ ಹಿಮದ ಗೋಡೆ ಇತ್ತು. 1879ರಲ್ಲಿ ಪ್ರಕೃತಿ ಲೇಖಕ ಜಾನ್ ಮ್ಯೂರ್ ಬರೋ ಹೊತ್ತಿಗೆ ಅದು 30 ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ನಮ್ಮ ಹಡಗು ತೇಲ್ತಿರೋದು ಆಗ ಹಿಮ ಇದ್ದ ಜಾಗದಲ್ಲೇ. ಇಲ್ಲಿನ ಮೂಲನಿವಾಸಿ ಟ್ಲಿಂಗಿಟ್ ಜನರ ಊರುಗಳಿದ್ದ ನೆಲ ಇದು. ವ್ಯಾಂಕೂವರ್ ತಂಡ ಬರೋಕೂ ಮುಂಚೆ ಹಿಮ ಮುನ್ನುಗ್ಗಿ ಬಂದು ಅವರನ್ನ ಎಬ್ಬಿಸಿತ್ತು.

ನೀರಿನ ಬಣ್ಣ ಹಾಲು ಬೆರೆಸಿದ ಹಸಿರಿಗೆ ತಿರುಗಿದಾಗ ಎದ್ದೇಳಿ. ಹಿಮನದಿ ಬಂಡೆ ಅರೆದು ಮಾಡಿದ ಹಿಟ್ಟು ಅದು, ಹತ್ತಿರ ಬಂದಿದ್ದೀರಿ ಅಂತ ಅರ್ಥ. ಮೈಗೆ ಅಂಟೋ ಥರ್ಮಲ್, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ಮಳೆ ತಡೆಯೋ ಜಾಕೆಟ್. ಒಂದೇ ದಪ್ಪ ಸ್ವೆಟರ್ ಉಪಯೋಗಕ್ಕೆ ಬರಲ್ಲ, ಗಾಳಿ ನೂಲಿನ ಸಂದಿಯಿಂದ ನುಗ್ಗುತ್ತೆ. ಸೀರೆ ಉಡೋ ಅಮ್ಮಂದಿರು ಒಳಗೆ ಥರ್ಮಲ್ ಪ್ಯಾಂಟ್ ಹಾಕಿ, ಕಾಲಿಗೆ ಶೂ. ಸಾಕ್ಸ್ ಮೇಲೆ ಚಪ್ಪಲಿ ಹಾಕಿದ್ರೆ ಒದ್ದೆ ಡೆಕ್ ಮೇಲೆ ಜಾರುತ್ತೆ. ಕುಲಾವಿ ಗಲ್ಲದ ಕೆಳಗೆ ಕಟ್ಟೋ ಥರದ್ದು.

ಮಾರ್ಜರಿ ಹಿಮನದಿ. ಒಂದು ಮೈಲಿ ಅಗಲ, ನೀರಿನ ಮೇಲೆ ಸುಮಾರು 250 ಅಡಿ, ಇಪ್ಪತ್ತೈದು ಅಂತಸ್ತಿನ ಕಟ್ಟಡದಷ್ಟು. ಇಲ್ಲಿ ಹಡಗು ಸುಮಾರು ಒಂದು ಗಂಟೆ ನಿಲ್ಲುತ್ತೆ, ನಿಧಾನ ತಿರುಗುತ್ತೆ, ಎರಡೂ ಬದಿಗೆ ಕಾಣುತ್ತೆ. ಎಡ ಬಲ ಅಂತ ಹೆಚ್ಚು ದುಡ್ಡು ಕೊಡೋದು ದಂಡ. ಬಾಲ್ಕನಿ ಕ್ಯಾಬಿನ್ನೂ ದಂಡ ಅಂತಲೇ ಹೇಳಬೇಕು ಅಂತಿದ್ದೆ, ಆದ್ರೆ ಈ ಶಾಟ್ ನೋಡಿ, ರಜಾಯಿ ಹೊದ್ದು ಬಾಲ್ಕನಿ ಕುರ್ಚಿಯಲ್ಲಿ ಕೂತಿರೋ ಅಜ್ಜಿ. ಎಪ್ಪತ್ತು ದಾಟಿದೋರು ಜೊತೆಗಿದ್ರೆ ಬಾಲ್ಕನಿ ತಗೊಳ್ಳಿ, ಬೇರೆಯವರಿಗೆ ಡೆಕ್ ಸಾಕು.

ಈಗ ಸುಮ್ಮನೆ ಕೇಳಿ. ಒಗ್ಗರಣೆಗೆ ಸಾಸಿವೆ ಹಾಕಿದಂಗೆ ಚಿಟಿಚಿಟಿ ಸದ್ದು ಬರ್ತಿದೆಯಲ್ಲ, ಅದು ನೀರಲ್ಲಿ ತೇಲೋ ಹಿಮಗಡ್ಡೆಗಳು ಕರಗುವಾಗ ಒಳಗೆ ಸಿಕ್ಕಿಕೊಂಡಿದ್ದ ಹಳೇ ಗಾಳಿ ಒಡೆದು ಹೊರಬರೋ ಸದ್ದು. ಹಿಮಗೋಡೆ ಒಡೆಯೋದನ್ನ ಹಿಡೀಬೇಕಾದ್ರೆ ಸದ್ದಿಗೆ ಕಾಯಬೇಡಿ. ಹಡಗು 400 ಮೀಟರ್ ದೂರ ಇದ್ರೆ ಸದ್ದು ಕಿವಿಗೆ ಬರೋಕೆ ಒಂದು ಸೆಕೆಂಡಿಗೂ ಹೆಚ್ಚು ಬೇಕು, ನೀವು ತಿರುಗೋ ಹೊತ್ತಿಗೆ ಬಿದ್ದಾಗಿರುತ್ತೆ. ಸಣ್ಣ ಚೂರು ಉದುರ್ತಿರೋ ಜಾಗ ಹುಡುಕಿ, ಗೋಡೆ ಪೂರ್ತಿ ಸಿಗೋ ಹಾಗೆ ಝೂಮ್ ಇಲ್ಲದೆ ವಿಡಿಯೋ ಓಡಿಸಿಬಿಟ್ಟು ನಿಮ್ಮ ಕಣ್ಣಿಂದ ನೋಡಿ. ಅಲ್ಲಿ, ಎಡಕ್ಕೆ, ಆ ನೀಲಿ ಸೀಳಿನ ಪಕ್ಕ... ಬಿತ್ತು. ಈಗ ಸದ್ದು. ಗುಡುಗು ಬಂದ ಹಾಗೆ. ಸದ್ದು ನಿಂತ ಮೇಲೂ ಅಲೆ ಬರ್ತಾನೇ ಇದೆ, ಹಿಮಗಡ್ಡೆ ಮೇಲೆ ಮಲಗಿರೋ ಸೀಲ್ ಪ್ರಾಣಿ ತೂಗ್ತಿದೆ ನೋಡಿ, ತಲೆನೂ ಎತ್ತಲಿಲ್ಲ.

ಊಟಕ್ಕೆ ಹೋಗೋದು ಹಡಗು ವಾಪಸ್ ತಿರುಗಿ ಒಂದು ಗಂಟೆ ಆದ ಮೇಲೆ. ಎಲ್ಲರೂ ಒಟ್ಟಿಗೆ ನುಗ್ಗೋ ಹೊತ್ತು ಬಿಟ್ಟುಬಿಡಿ. ಸಸ್ಯಾಹಾರ ಬೇಕಿದ್ರೆ ಮುಖ್ಯ ಊಟದ ಹಾಲ್‌ನ ಹೆಡ್ ವೇಟರ್‌ಗೆ ಹಿಂದಿನ ರಾತ್ರಿನೇ ಹೇಳಿ, ಬಹಳಷ್ಟು ಹಡಗಲ್ಲಿ ಅನ್ನ, ದಾಲ್, ಪಲ್ಯ ಮಾಡಿಕೊಡ್ತಾರೆ. ಚಟ್ನಿಪುಡಿ ಅಂಗಡಿಯ ಸೀಲ್ ಪ್ಯಾಕೆಟ್ ತನ್ನಿ, ಮನೆಯದನ್ನ ಎಷ್ಟೋ ಕಡೆ ಒಳಗೆ ಬಿಡಲ್ಲ. ಕೆಟಲ್ ಕೂಡ ತರೋ ಹಾಗಿಲ್ಲ. ಸಂಜೆ ಐಸಿ ಸ್ಟ್ರೇಟ್ ಅನ್ನೋ ಜಲಸಂಧಿ ದಾಟುವಾಗ ಮಾತ್ರ ಡೆಕ್‌ಗೆ ಒಂದು ಸುತ್ತು ಬನ್ನಿ, ತಿಮಿಂಗಿಲಗಳ ಜಾಗ ಅದು. ಬಾಲ ಹುಡುಕಬೇಡಿ, ನೀರಿನ ಮೇಲೆ ಹೊಗೆ ಥರ ಚಿಮ್ಮೋ ಉಸಿರು ಹುಡುಕಿ.

ಅಲಾಸ್ಕಾದ ಕೊನೇ ಬಂದರು ಕೆಚಿಕನ್. ವರ್ಷಕ್ಕೆ 3,500 ಮಿಲಿಮೀಟರ್ ದಾಟೋ ಮಳೆ, ಆಗುಂಬೆಯ ಅರ್ಧದಷ್ಟು. ಮಲೆನಾಡಿನೋರಿಗೆ ಇದೇನು ಹೊಸದಲ್ಲ. ಇಲ್ಲಿ ಏನೂ ಬುಕ್ ಮಾಡಬೇಡಿ. ಕಂಬಗಳ ಮೇಲೆ ನಿಂತ ಕ್ರೀಕ್ ಸ್ಟ್ರೀಟ್ ನೋಡಿ, ಬೇಸಿಗೆ ಕೊನೇಲಿ ಹೋದ್ರೆ ಕೆಳಗೆ ಹೊಳೆ ಹತ್ತೋ ಸಾಲ್ಮನ್ ಮೀನು ಕಾಣುತ್ತೆ, ವಾಪಸ್ ಬಂದು ಮಲಗಿ.

ಇದು ಕೊನೇ ರಾತ್ರಿ, ವಿಕ್ಟೋರಿಯಾ ದೀಪಗಳು. ಇಳಿಯೋದು ಬಿಡೋದು ನಿಮ್ಮಿಷ್ಟ, ಇಳಿಯದಿದ್ರೂ ನಷ್ಟ ಇಲ್ಲ. ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿರಿ, ನಿದ್ದೆಯಲ್ಲಿ ಒಂದು ಗಂಟೆ ಕಮ್ಮಿಯಾಗುತ್ತೆ. ದೊಡ್ಡ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ರಾತ್ರಿನೇ ಕ್ಯಾಬಿನ್ ಬಾಗಿಲ ಹೊರಗೆ ಇಡಬೇಕು. ಇಡೋ ಮುಂಚೆ ಬೆಳಿಗ್ಗೆ ಹಾಕೋ ಬಟ್ಟೆ, ಶೂ, ಪಾಸ್‌ಪೋರ್ಟ್, ಬಿಪಿ ಮಾತ್ರೆ ಕೈಚೀಲಕ್ಕೆ ತೆಗೆದಿಟ್ಟಿದ್ದೀರಾ, ಇನ್ನೊಂದು ಸಲ ನೋಡ್ಕೊಳ್ಳಿ. ಆ ಕ್ಲಿಪ್ ಹ್ಯಾಂಗರ್ ವಾಪಸ್ ಕಪಾಟಿಗೆ.